ಒಂದು ಹಲ್ಲು ಆಚೆ ಕೂತ ವೈಪರ್

2022ರ ಮಳೆಗಾಲ. ಮೇಟಗಳ್ಳಿಯ ಒಂದು ಕಾರ್ ವರ್ಕ್‌ಶಾಪಿನಲ್ಲಿ ನಾನು ಹೆಡ್ ಮೆಕ್ಯಾನಿಕ್. ಇಪ್ಪತ್ತಾರು ವರ್ಷದ ಸರ್ವಿಸ್. ನಾನು ಬಿಗಿದ ನಟ್ಟನ್ನು ಇನ್ನೊಬ್ಬರು ಮುಟ್ಟಿ ನೋಡಬೇಕಿಲ್ಲ ಎಂಬ ಜಂಬವೂ ಹೆಚ್ಚುಕಡಿಮೆ ಅಷ್ಟೇ ಹಳೆಯದು.

ಶ್ರೀರಾಂಪುರದ ಗಿರಿಜಾ ಮೇಡಂ ಹೈಸ್ಕೂಲ್ ಟೀಚರ್. ಮಾರ್ಚ್‌ನಲ್ಲಿ ಅವರ ಕಾರಿಗೆ ಹೊಸ ವಿಂಡ್‌ಶೀಲ್ಡ್ ಕೂರಿಸಿದವನು ನಾನೇ. ಏಪ್ರಿಲ್‌ನಲ್ಲಿ ಅವರ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಜುಲೈನಲ್ಲಿ ಒಂದು ಮಧ್ಯಾಹ್ನ ಅವರ ತಮ್ಮ ಲೋಕೇಶ್ ಅದೇ ಕಾರು ತಂದರು. ಮೇಡಂ ಹಿಂದಿನ ಸೀಟಿನಲ್ಲಿದ್ದರು, ಇಳಿಯಲಿಲ್ಲ.

ಲೋಕೇಶ್ ನನ್ನನ್ನು ಪಕ್ಕಕ್ಕೆ ಕರೆದರು. “ಮಳೆ ಬಂದ್ರೆ ಸಾಕು, ಅಕ್ಕ ಕಾರಲ್ಲಿ ಹೋಗಿ ವೈಪರ್ ಹಾಕ್ಕೊಂಡು ಕೂತ್ಕೋತಾಳೆ ಕಣ್ರೀ. ಗಾಜು ಟಕ್ ಅನ್ನುತ್ತೆ, ಇವ್ಳು ಮಾತಾಡ್ತಾಳೆ. ಭಾವ ದಿನಾ ಇವ್ಳು ಸ್ಕೂಲಿಗೆ ಹೊರಡೋವಾಗ ಉಂಗುರದಲ್ಲಿ ಗಾಜಿನ ಮೂಲೆಗೆ ಹಂಗೇ ಬಡೀತಿದ್ರು. ಒಂದ್ಸಲ ಟಕ್ ಅಂದ್ರೆ ಹೂಂ ಅಂತ ಲೆಕ್ಕವಂತೆ. ಆ ಸದ್ದು ನಿಲ್ಸಿಬುಡಿ, ಯಾಕೆ ಬಂತು ಅಂತ ಮಾತ್ರ ಅವ್ಳಿಗೆ ಹೇಳ್ಬೇಡಿ.”

ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಲೋಕೇಶ್ ಹೊರಗಿಂದ ಪೈಪಿನಲ್ಲಿ ಗಾಜಿಗೆ ನೀರು ಬಿಟ್ಟರು. ವೈಪರನ್ನು ಇಂಟರ್ಮಿಟೆಂಟ್‌ಗೆ ಹಾಕಿದೆ, ಅಂದರೆ ಒಮ್ಮೆ ಒರೆಸಿ ಕೆಲವು ಸೆಕೆಂಡ್ ಸುಮ್ಮನಿರುವ ಸೆಟ್ಟಿಂಗ್. ನನ್ನ ಬಲಗಿವಿಯ ಪಕ್ಕದಲ್ಲೇ ಟಕ್ ಎಂದಿತು. ಆಮೇಲೆ ನಿಶ್ಶಬ್ದ.

“ಬಂದ್ರಾ?” ಎಂದರು ಮೇಡಂ ಹಿಂದಿನಿಂದ, ಮೆಲ್ಲಗೆ.

ಟಕ್.

“ಊಟ ಆಯ್ತಾ?”

ಟಕ್.

ದೆವ್ವಗಿವ್ವ ನಂಬುವವನಲ್ಲ ನಾನು. ಆದರೂ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಲು ಧೈರ್ಯ ಬರಲಿಲ್ಲ. ಅಲ್ಲಿ ಒಬ್ಬರೇ ಇದ್ದಾರೆಂದು ಗೊತ್ತಿದ್ದೂ ನೋಡಲಿಲ್ಲ.

ಬದಲಿಗೆ ವೈಪರನ್ನೇ ನೋಡಿದೆ. ಪ್ರತಿ ಸಲ ಬ್ಲೇಡಿನ ತುದಿ ಗಾಜು ದಾಟಿ, ಕಾರಿನ ಚಾವಣಿ ಹೊರುವ ಪಕ್ಕದ ಕಂಬಕ್ಕೆ ತಾಗುತ್ತಿತ್ತು. ಬ್ಲೇಡ್ ಹಿಡಿದಿರುವ ವೈಪರ್ ಆರ್ಮ್ ಕೂರುವ ಶಾಫ್ಟಿಗೆ ಸುತ್ತ ಸಣ್ಣ ಹಲ್ಲುಗಳಿರುತ್ತವೆ. ಒಂದು ಹಲ್ಲು ಆಚೀಚೆ ಕೂರಿಸಿದರೂ ಆರ್ಮ್ ತನ್ನ ಗಡಿ ದಾಟುತ್ತದೆ. ಗಾಜೇ ಬದಲಾಗುವಾಗ ಆರ್ಮ್ ನಿಲ್ಲುವ ಜಾಗವನ್ನು ಮೊದಲು ಅಳೆದು ಬರೆದುಕೊಳ್ಳಬೇಕು. ಜಂಬದ ಮನುಷ್ಯ ನಾನು, ಕಣ್ಣಂದಾಜಿನಲ್ಲಿ ಕೂರಿಸಿದ್ದೆ. ಒಣ ಗಾಜಿನ ಮೇಲೆ ಒಮ್ಮೆ ಆಡಿಸಿ ನೋಡಿ ಕಾರು ಕಳಿಸಿದ್ದೆ. ನೀರು ಬಿದ್ದರೆ ಬ್ಲೇಡ್ ಇನ್ನಷ್ಟು ಜಾರುತ್ತದೆ. ಅದಕ್ಕೇ ಸದ್ದು ಮಳೆಯಲ್ಲಿ ಮಾತ್ರ.

ಲೋಕೇಶ್ ಹೇಳಿದಂತೆ ಬಾಯಿ ಮುಚ್ಚಿಕೊಂಡು ಸರಿಮಾಡಿದ್ದರೆ ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಸದ್ದು ನಿಂತರೆ ಅವರು ಗಂಡ ಎರಡನೇ ಸಲ ಹೋದರೆಂದುಕೊಳ್ಳುತ್ತಾರೆ. ಅದು ನನ್ನಿಂದಾಗಲಿಲ್ಲ.

“ಮೇಡಂ, ಅದು ಸಾರ್ ಅಲ್ಲ. ನನ್ನ ತಪ್ಪು.”

ಅವರನ್ನು ಇಳಿಸಿ, ನಟ್ ಬಿಚ್ಚಿ ಹಲ್ಲು ತೋರಿಸಿದೆ. ಸರಿಯಾದ ಜಾಗದಲ್ಲಿ ಕೂರಿಸಿ ಒದ್ದೆ ಗಾಜಿನ ಮೇಲೆ ಆಡಿಸಿದೆ. ಸದ್ದಿಲ್ಲ. ಅವರ ಮುಖ ಬಿಳಿಚಿಕೊಂಡಿತು.

“ಮೊದಲಿದ್ದ ಹಾಗೇ ಇನ್ನೊಂದ್ಸಲ ಹಾಕಿ, ಮಹದೇವಣ್ಣ.”

ಹಾಕಿದೆ. ಲೋಕೇಶ್ ಮತ್ತೆ ನೀರು ಬಿಟ್ಟರು. ಈ ಸಲ ಡ್ರೈವರ್ ಸೀಟಿನಲ್ಲಿ ಮೇಡಂ ಕೂತು, ವೈಪರ್ ಹಾಕಿ, ಗಾಜಿನ ಮೂಲೆಯನ್ನೇ ನೋಡುತ್ತಾ ಕೇಳಿದರು:

“ರೀ, ನೀವು ಬದುಕಿದೀರಾ?”

ಟಕ್.

ಉತ್ತರ ಇನ್ನೂ ನಾಲ್ಕು ಸಲ ಬಂತು. ಕೊನೆಗೆ ತಾವೇ ಆಫ್ ಮಾಡಿದರು.

“ಭಾನುವಾರ, ನಾನೂ ನಿಮ್ಮತ್ರ ಬಂದ್ಬಿಡ್ಲಾ ಅಂತ ಕೇಳಿದ್ದೆ. ಅದಕ್ಕೂ ಹೂಂ ಅಂದಿದ್ರು.”

ಲೋಕೇಶ್ ಕೈಯಿಂದ ಪೈಪ್ ಬಿತ್ತು. ಮೇಡಂ ಕಣ್ಣೊರೆಸಿಕೊಂಡು, “ಈಗ ಸರಿಯಾಗಿ ಕೂರ್ಸಿ” ಎಂದರು.

ನಿವೃತ್ತನಾಗುವವರೆಗೂ ಅಳತೆ ಬರೆದುಕೊಳ್ಳದೆ ಒಂದು ಆರ್ಮನ್ನೂ ನಾನು ಬಿಚ್ಚಲಿಲ್ಲ. ಆದರೆ ಆ ಕೆಲಸ ಕಲಿಸಿದ ಪಾಠ ಬೇರೆ. ನಮ್ಮ ತಪ್ಪನ್ನು ಗುಟ್ಟಾಗಿ ಸರಿಮಾಡಿದರೆ ಕಾರು ಮಾತ್ರ ರಿಪೇರಿಯಾಗುತ್ತದೆ. ಅಂದು ನಾನು ಸುಮ್ಮನಿದ್ದಿದ್ದರೆ ಸದ್ದು ನಿಲ್ಲುತ್ತಿತ್ತು. ಭಾನುವಾರದ ಆ ‘ಹೂಂ’ ಮಾತ್ರ ಮೇಡಂ ಹತ್ತಿರ ಹಾಗೇ ಉಳಿದಿರುತ್ತಿತ್ತು.