ಖೆರ್ಸನ್‌ನವನ ಕನ್ನಡಿ

ಈ ದೇಶದಲ್ಲಿ ಹೊಳೆಯೇ ಇಲ್ಲ. ದೋಹಾಕ್ಕೆ ಬಂದ ಹೊಸತರಲ್ಲಿ ಯಾರೋ ಹೀಗೆಂದಾಗ ನಂಬದೆ ನಕಾಶೆ ಬಿಡಿಸಿ ನೋಡಿದೆ. ಕತಾರಿನ ಉದ್ದಗಲಕ್ಕೆ ಹೊಳೆಯ ಒಂದು ಗೆರೆಯೂ ಇರಲಿಲ್ಲ. ಐದು ಹೊಳೆಗಳು ಕಡಲು ಸೇರುವ ಗಂಗೊಳ್ಳಿಯಲ್ಲಿ ಹುಟ್ಟಿದ ನಾನು ನಕಾಶೆಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದೆ.

ದೋಹಾದ ಮುಶೈರಿಬ್ ಬಡಾವಣೆಯ ಹಳೆಯ ಕಟ್ಟಡದಲ್ಲಿ ಕಂಪೆನಿ ಕೊಟ್ಟ ಕೋಣೆ. ನಾನು ಆಫೀಸಿನವನು, ಜೊತೆಗಾರ ಮಿಕೊಲಾ ವೆಲ್ಡರ್, ಉಕ್ರೇನಿನ ಖೆರ್ಸನ್ ಊರಿನವನು. ನಾನು ಐದಕ್ಕೆ ಎದ್ದು, ಹೊದಿಕೆ ಮಡಚಿ, ಸ್ನಾನ ಮುಗಿಸಿ ಗಂಜಿಗೆ ಇಡುವವನು. ಅವನು ಬೂಟನ್ನೂ ಜೋಡಿಸಿ ಇಡುವವನಲ್ಲ. ಆದರೆ ಶುಕ್ರವಾರ ಕಲ್ಲಂಗಡಿ ಕೊಯ್ಯುವ ಮುಂಚೆ ಮುರುಕು ಇಂಗ್ಲಿಷಿನಲ್ಲಿ ಶಿಸ್ತಾಗಿ ಪಾಠ ಮಾಡುತ್ತಿದ್ದ. ಚೂರಿಯ ಮೊನೆಯಿಂದ ಸಿಪ್ಪೆಯ ಮೇಲೆ ಗೀರಿದರೆ ಅದು ನೀಪರ್ ಹೊಳೆ. ಕಪ್ಪು ಸಮುದ್ರ ಹತ್ತಿರವಾದಂತೆ ಕವಲೊಡೆದು, ಜೊಂಡು ಬೆಳೆದ ನಡುಗಡ್ಡೆಗಳ, ನಮ್ಮ ಮಾತಿನಲ್ಲಿ ಕುದ್ರುಗಳ, ನಡುವೆ ಹರಿಯುತ್ತದೆ. ಬಲದಂಡೆಯ ಎತ್ತರದಲ್ಲಿ ಊರು. ಎರಡು ಶತಮಾನಗಳ ಹಿಂದೆ ರಷ್ಯಾದ ರಾಣಿ ಅಲ್ಲಿ ಕೋಟೆ ಕಟ್ಟಿಸಿ, ಹಡಗು ಕಟ್ಟಲು ಜನ ಕರೆಸಿದಳಂತೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಹಡಗಿನ ಕೆಲಸ ಕುಸಿಯಿತು. ಕಸುಬು ಬಲ್ಲವರು ಊರು ಬಿಟ್ಟರು.

"ಎದುರು ದಡದಲ್ಲಿ ಏನಿದೆ?" ಎಂದು ಕೇಳಿದ್ದೆ.

"ಮರಳು! ನಮ್ಮಲ್ಲಿ ಹೊಳೆ ದಾಟಿದರೆ ಮರಳು. ಇಲ್ಲಿ ಮರಳು ದಾಟಿದರೂ ಮರಳೇ, ಮುದುಕಾ." ಹಣ್ಣು ಕಚ್ಚಿ ಮುಖ ಹಿಂಡಿದ. "ಇದೊಂದು ಹಣ್ಣೇ? ಖೆರ್ಸನ್‌ನದು ತಿಂದಿದ್ದರೆ ನೀನು ನಿನ್ನ ಗಂಜಿ ಚೆಲ್ಲುತ್ತಿದ್ದೆ."

ಆ ಚಳಿಗಾಲ ಅವನ ಹೆಂಡತಿ ಒಕ್ಸಾನಾಳಿಗೆ ಹೃದಯದ ಆಪರೇಶನ್ ಎಂದು ಗೊತ್ತಾಯಿತು. ಅದಕ್ಕೆ ಮೊದಲು ಅವಳ ಮುಖ ನೋಡಬೇಕೆಂದು ಚಡಪಡಿಸಿದ. ರಜೆ ಸಿಕ್ಕಿತು, ಟಿಕೆಟ್ ಬಂತು. ಆದರೆ ಇಲ್ಲಿಂದ ಹೊರಡಲು ಕಫೀಲ, ಅಂದರೆ ನಮ್ಮನ್ನು ಕರೆಸಿಕೊಂಡ ಧಣಿ, ಒಪ್ಪಿ ಸಹಿ ಹಾಕಬೇಕಿತ್ತು. ಕಂಪೆನಿಯ ಕಾಗದಪತ್ರಕ್ಕೆ ಓಡಾಡುವ ಮಂಗಳೂರಿನ ರಫೀಕ್ ಸಹಿಯಾದ ಪರವಾನಗಿಯನ್ನು ಏರ್‌ಪೋರ್ಟಿಗೇ ತರುತ್ತೇನೆಂದಿದ್ದ.

ಹೊರಡುವ ದಿನ ನಾನು ಅವಸರಪಡಿಸಿದೆ. "ಯಲ್ಲಾ, ಏಳು! ಟ್ಯಾಕ್ಸಿ ಕಾಯುತ್ತಿದೆ."

ಅವನು ಪೆಟ್ಟಿಗೆಯ ಮೇಲೆ ಕುಳಿತ. "ನೀನೂ ಕೂರು. ಬಾಯಿ ಮುಚ್ಚು."

ಅವರಲ್ಲಿ ಪ್ರಯಾಣಕ್ಕೆ ಮುನ್ನ ಮನೆಯವರೆಲ್ಲ ಒಂದು ಗಳಿಗೆ ಸುಮ್ಮನೆ ಕುಳಿತು ಏಳಬೇಕು. ಹೊರಟವರು ಅರ್ಧದಾರಿಯಿಂದ ತಿರುಗಿ ಬರಬಾರದು. ಬಂದರೆ ಕನ್ನಡಿಯಲ್ಲಿ ಮುಖ ನೋಡಿಕೊಂಡೇ ಮತ್ತೆ ಹೊರಡಬೇಕು. ನಾನು ಮಂಚದ ಅಂಚಿನಲ್ಲಿ ಕುಳಿತೆ.

ಏರ್‌ಪೋರ್ಟಿನಲ್ಲಿ ರಫೀಕ್ ಬರಿಗೈಯಲ್ಲಿ ನಿಂತಿದ್ದ. "ಮಾಫಿ ಸಾರ್, ಸಹಿ ಆಗ್ಲಿಲ್ಲ. ಧಣಿ ಲಂಡನ್ನಿಗೆ ಹೋಗಿದ್ದಾರೆ ಮಾರಾಯ್ರೆ."

"ಬೇರೆ ಯಾರಿಗೂ ಹಾಕ್ಲಿಕ್ಕಾಗುದಿಲ್ವಾ?" ಎಂದು ನಾನು ಕೇಳಿದೆ.

"ನಾನೆಂತ ಮಾಡುದು ಹೇಳಿ? ಖಲಾಸ್."

ಕೋಣೆಗೆ ಮರಳಿದೆವು. ನಾನು ಕನ್ನಡಿ ತೋರಿಸಿ, "ನೋಡಿಕೋ. ನಾಳೆ ಹೊರಡಬಹುದು" ಎಂದೆ. ಅವನು ನೋಡಿಕೊಳ್ಳಲಿಲ್ಲ.

ಆಪರೇಶನ್ನಿನ ಸಂಜೆ ಊರಿನಿಂದ ಫೋನ್ ಬಂತು. ಒಕ್ಸಾನಾ ಎಚ್ಚರಗೊಳ್ಳಲಿಲ್ಲ. ಮಿಕೊಲಾ ನಾನು ಮಡಚಿಟ್ಟಿದ್ದ ಟವೆಲ್ ತೆಗೆದು ಕನ್ನಡಿಗೆ ಹೊದಿಸಿದ. ಸಾವಾದರೆ ಕನ್ನಡಿ ಮುಚ್ಚುವುದು ಅವರ ಪದ್ಧತಿ.

ಅವಳನ್ನು ಮಣ್ಣು ಮಾಡಿದ ಮೇಲೆ ಪರವಾನಗಿ ಬಂತು. "ಇನ್ನು ಯಾರಿಗಾಗಿ ಹೋಗಲಿ?" ಎಂದು ಅವನು ಕೆಲಸಕ್ಕೆ ಹೊರಟ. ಟವೆಲ್ಲನ್ನು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅಂದಿನಿಂದ ಕೈಯಲ್ಲಿ ತಡವಿಯೇ ಗಡ್ಡ ಹೆರೆದುಕೊಳ್ಳುತ್ತೇನೆ.

ಈ ಸಲ ರಜೆಯಲ್ಲಿ ಗಂಗೊಳ್ಳಿಗೆ ಹೋಗಿದ್ದೆ. ಹೊಳೆ ತುಂಬಿತ್ತು. ಕುದ್ರುವಿನ ಅಂಚಿನಲ್ಲಿ ನನ್ನ ಕಣ್ಣು ಜೊಂಡನ್ನು ಹುಡುಕಿತು. ಮರಳಿ ಹೊರಡುವ ಬೆಳಿಗ್ಗೆ ತಂಗಿ ಅಂಗಳದಿಂದ ಕೂಗಿದಳು: "ಅಣ್ಣಯ್ಯ, ಬಸ್ ಬಂತ್! ಪೆಟ್ಟಿಗಿ ಮೇಲೆ ಎಂತಕ್ಕೆ ಕೂಕಂಡದ್ದ್?"

ಒಂದು ದಿನವೂ ಬಸ್ಸು ತಪ್ಪಿಸಿಕೊಂಡವನಲ್ಲ ನಾನು. ಆದರೂ ಏಳಲಾಗಲಿಲ್ಲ. ಎದ್ದು ದೋಹಾದ ಕೋಣೆಗೆ ಮರಳಿದರೆ, ಕನ್ನಡಿ ನೋಡದೆ ಮತ್ತೆ ಊರಿಗೆ ಹೊರಡುವಂತಿಲ್ಲ. ಅಲ್ಲಿ ಕನ್ನಡಿ ಮುಚ್ಚಿದೆ.