ಕೆಂಪು ಡಬ್ಬಿಯ ಚೈನು

ಅದು 2015ರ ಚಳಿಗಾಲ. ನ್ಯೂಜಿಲೆಂಡಿಗೆ ಬಂದು ಏಳು ವರ್ಷವಾಗಿದ್ದರೂ ನಾನು ಹಿಮವನ್ನು ಟಿ.ವಿ.ಯಲ್ಲಿ, ಇಲ್ಲವೇ ದೂರದ ಬೆಟ್ಟದ ತುದಿಯಲ್ಲಿ ನೋಡಿದ್ದಷ್ಟೇ. ಮೊದಲ ಆರು ವರ್ಷ ಆಕ್ಲೆಂಡಿನ ನ್ಯೂ ಲಿನ್‌ನಲ್ಲಿದ್ದೆವು. ಅಲ್ಲಿ ಬೇಕಾದಷ್ಟು ಮಳೆ, ಹಿಮವಿಲ್ಲ. ನನ್ನ ಯಜಮಾನರು ಸಿವಿಲ್ ಎಂಜಿನಿಯರ್. ಭೂಕಂಪದಲ್ಲಿ ಕುಸಿದಿದ್ದ ಕ್ರೈಸ್ಟ್‌ಚರ್ಚನ್ನು ಮತ್ತೆ ಕಟ್ಟುವ ಕೆಲಸ ಸಿಕ್ಕಿ ನಾವು ದಕ್ಷಿಣಕ್ಕೆ ಬಂದೆವು. ಬಂದ ಹೊಸದರಲ್ಲೇ ಅವರು ಒಂದು ಫೋರ್ ವೀಲ್ ಡ್ರೈವ್ ಯೂಟ್ ಕೊಂಡರು. ಹಿಂದೆ ಸಾಮಾನು ಹೇರಲು ಜಾಗವಿರುವ ಪಿಕಪ್ ಗಾಡಿಗೆ ಇಲ್ಲಿಯವರು ಯೂಟ್ ಎನ್ನುತ್ತಾರೆ. "ಇದು ಎಲ್ಲಿ ಬೇಕಾದಲ್ಲಿ ಹತ್ತತೈತಿ" ಎಂದು ಮನೆಗೆ ಬಂದವರಿಗೆಲ್ಲ ತಾವೇ ಆ ಗಾಡಿಯನ್ನು ತಯಾರಿಸಿದವರಂತೆ ಹೇಳುತ್ತಿದ್ದರು.

ನನ್ನ ತಂಗಿ ಶೋಭಾ ಪಶ್ಚಿಮ ಕರಾವಳಿಯ ಗ್ರೇಮೌತ್ ಊರಿನಲ್ಲಿ ನರ್ಸ್. ಅವಳೂರಿಗೂ ನಮ್ಮೂರಿಗೂ ನಡುವೆ ದೊಡ್ಡ ಘಟ್ಟ. ಅವಳಿಗೆ ದಿನ ತುಂಬುತ್ತಾ ಬಂದಿತ್ತು. ಗಂಡ ಹಡಗಿನಲ್ಲಿ ಎಂಜಿನಿಯರ್, ಆಗ ಯಾವುದೋ ಸಮುದ್ರದ ಮೇಲಿದ್ದ. ಹುಬ್ಬಳ್ಳಿಯಲ್ಲಿದ್ದ ನಮ್ಮ ಅವ್ವನ ವೀಸಾ ಇನ್ನೂ ಬಂದಿರಲಿಲ್ಲ. ಅಂದರೆ ಈ ದೇಶದಲ್ಲಿ ಅವಳಿಗೆ ತನ್ನವಳು ಅಂತ ಇದ್ದವಳು ನಾನೊಬ್ಬಳೇ.

ಹೆರಿಗೆಗೆ ಇನ್ನೂ ಹತ್ತು ದಿನವಿದೆ ಎಂದು ನಿಶ್ಚಿಂತೆಯಿಂದಿದ್ದ ಒಂದು ಬೆಳಿಗ್ಗೆ ಅವಳ ಫೋನು ಬಂತು. "ಅಕ್ಕಾ, ಬಿಪಿ ಭಾಳ ಏರೇತಿ. ನಾಳೆ ಮುಂಜಾನೆನ ಆಪರೇಶನ್ ಅಂತ. ನೀ ಬರ್ತೀ ಹೌದಿಲ್ಲೋ? ಒಬ್ಬಾಕಿನ ಒಳಗ ಹೋಗಾಕ ಅಂಜಿಕಿ ಬರಾಕತ್ತೇತಿ." ದಿನಾ ಹತ್ತು ಜನಕ್ಕೆ ಹೆದರಬೇಡಿ ಎಂದು ಹೇಳುವ ಹುಡುಗಿ ಅವಳು. "ಸಂಜೀಕ ನಿನ್ನ ಹತ್ತರ ಇರ್ತೀನಿ" ಎಂದು ಮಾತು ಕೊಟ್ಟೆ.

ಯಜಮಾನರು ಅವತ್ತು ಮಧ್ಯಾಹ್ನದಿಂದಲೇ ರಜೆ ಹಾಕಿದರು. ಅವತ್ತು ಯೂಟ್ ಮನೆಯಲ್ಲೇ ಇತ್ತು. ನಾನು ಸಾಮಾನು ತುಂಬಿಕೊಂಡು ಅವರ ಕೆಲಸದ ಜಾಗಕ್ಕೆ ಹೋಗಿ ಅವರನ್ನು ಹತ್ತಿಸಿಕೊಳ್ಳಬೇಕು. ಹೊರಡುವಷ್ಟರಲ್ಲಿ ಅವರ ಫೋನು ಬಂತು.

"ಚೈನ್ ಇಟ್ಟಿಯೇನ?"

"ಇಟ್ಟೇನ್ರೀ."

"ಕೆಂಪು ಡಬ್ಬಿ?"

"ಹೌದ್ರೀ, ಕೆಂಪು ಡಬ್ಬಿಯೊಳಗ ಐತಿ. ಮರಿಯಾಕ ನಾ ಏನ್ ಸಣ್ಣ ಹುಡುಗೀನ?"

ಹುಟ್ಟುವ ಮಗುವಿಗೆಂದು ಅವ್ವ ಪರಿಚಯದವರ ಕೈಯಲ್ಲಿ ಬಂಗಾರದ ಚೈನು ಕಳಿಸಿದ್ದಳು. ಕೂಸಿನ ಮೈಗೆ ಮೊದಲು ತವರಿನ ಬಂಗಾರ ಸೋಕಬೇಕು ಎಂದು ಫೋನಿನಲ್ಲಿ ದಿನಾ ನೆನಪಿಸುತ್ತಿದ್ದಳು. ಅದನ್ನು ನಮ್ಮವರೂ ನೆನಪಿಟ್ಟಿದ್ದಾರಲ್ಲ ಎಂದು ನನಗೆ ಅಭಿಮಾನವೇ ಆಯಿತು.

ಘಟ್ಟದ ಬುಡ ಮುಟ್ಟುವಾಗ ಮಧ್ಯಾಹ್ನ ಎರಡಾಗಿತ್ತು. ಹಿಮ ಉದುರತೊಡಗಿತ್ತು. ರಸ್ತೆಯ ಪಕ್ಕದ ಅಗಲ ಜಾಗದಲ್ಲಿ ನಾಲ್ಕೈದು ಗಾಡಿಗಳು ನಿಂತಿದ್ದವು, ಹಿಮದಲ್ಲಿ ಜಾರದಿರಲೆಂದು ಜನ ಮಂಡಿಯೂರಿ ಗಾಲಿಗಳಿಗೆ ಕಬ್ಬಿಣದ ಸರಪಳಿ ಸುತ್ತುತ್ತಿದ್ದರು. ಕಿತ್ತಳೆ ಬಣ್ಣದ ಕೋಟು ತೊಟ್ಟ ರಸ್ತೆ ಕೆಲಸದವನೊಬ್ಬ ಕೈ ಅಡ್ಡ ಮಾಡಿ, "ಚೈನ್ ಇದೆಯಾ?" ಎಂದ. "ಇದೆ" ಎಂದು ಯಜಮಾನರು ಠೀವಿಯಿಂದ ಇಳಿದು ಹಿಂದಕ್ಕೆ ಹೋದರು. ಚೀಲಗಳನ್ನು ಒಂದೊಂದಾಗಿ ಎತ್ತಿಟ್ಟರು, ಮತ್ತೆ ಮೊದಲಿನಿಂದ ಎತ್ತಿಟ್ಟರು. ಆಮೇಲೆ ನನ್ನ ಕಿಟಕಿಗೆ ಬಂದು, "ಕೆಂಪು ಡಬ್ಬಿ ಎಲ್ಲೈತಿ?" ಎಂದರು.

ನಾನು ಕೈಚೀಲದಿಂದ ತೆಗೆದು ಕೊಟ್ಟೆ.

ಅಂಗೈಯಗಲದ ಮಖಮಲ್ಲಿನ ಡಬ್ಬಿ. ಅವರು ಮುಚ್ಚಳ ತೆರೆದರು, ನೋಡಿದರು, ಮುಚ್ಚಿದರು. ಅವರು ಕೇಳಿದ್ದು ಗ್ಯಾರೇಜಿನ ಮೂಲೆಯಲ್ಲಿದ್ದ, ಗಾಲಿಯ ಚೈನು ತುಂಬಿದ ಕೆಂಪು ಪ್ಲಾಸ್ಟಿಕ್ ಡಬ್ಬಿಯನ್ನು. ಅವರು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

"ಇದು ಫೋರ್ ವೀಲ್ ಡ್ರೈವ್, ಹತ್ತುತ್ತದೆ" ಎಂದು ಯಜಮಾನರು ವಾದಿಸಿ ನೋಡಿದರು. ಆ ಮನುಷ್ಯ ಒರಟನಲ್ಲ. ನನ್ನ ತಂಗಿಯ ವಿಷಯ ಕೇಳಿ ಮುಖ ಸಣ್ಣದು ಮಾಡಿದ. ಆದರೆ ಚೈನಿಲ್ಲದೆ ಬಿಡುವಂತಿಲ್ಲ ಎಂದ. ಮನೆಗೆ ಹೋಗಿ ತರುವುದೆಂದರೆ ಎರಡು ತಾಸಿನ ಮೇಲೆ, ಅಷ್ಟರಲ್ಲಿ ರಸ್ತೆಯನ್ನೇ ಮುಚ್ಚಬಹುದಂತೆ. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ಜನರ ನಡುವೆ, ಕೈಯಲ್ಲಿ ಬಂಗಾರ ಹಿಡಿದುಕೊಂಡು ಅತ್ತೆ.

ಎದುರು ಬದಿಯಲ್ಲಿ, ಘಟ್ಟ ಇಳಿದು ಬಂದ ಹಳೆಯ ಯೂಟ್ ಒಂದು ನಿಂತಿತ್ತು. ಎಪ್ಪತ್ತರ ಹತ್ತಿರದ ಒಬ್ಬ ಅಜ್ಜಿ ಅದರ ಗಾಲಿಗಳಿಂದ ಚೈನು ಬಿಚ್ಚುತ್ತಿದ್ದಳು. ರಸ್ತೆ ದಾಟಿ ಬಂದು, "ಏನಾಯ್ತು?" ಎಂದಳು. ನಾನು ಹೇಳಿದೆ, ಡಬ್ಬಿ ತೆರೆದು ತೋರಿಸಿದೆ. ಎರಡೂ ಚೈನೇ, ಎರಡೂ ಇದ್ದದ್ದು ಕೆಂಪು ಡಬ್ಬಿಯಲ್ಲೇ ಎಂದೆ. ಅವಳು ನಗಲಿಲ್ಲ. ನಮ್ಮ ಟೈರಿನ ಮೇಲಿನ ಹಿಮವನ್ನು ಹೆಬ್ಬೆರಳಿನಿಂದ ಒರೆಸಿ ಅಳತೆ ಓದಿದಳು. ಹೋಗಿ ತನ್ನ ಟೈರನ್ನೂ ಓದಿ ಬಂದಳು. "ಎರಡೂ ಒಂದೇ ಅಳತೆ. ನಾನಿನ್ನು ಬಯಲಿಗೆ ಇಳಿದೆ, ನನಗೆ ಬೇಡ" ಎಂದು ಒದ್ದೆ ಚೈನುಗಳನ್ನು ತಂದು ನಮ್ಮ ಗಾಲಿಯ ಬಳಿ ಹಾಕಿದಳು.

ಗಾಡಿಯ ಪುಸ್ತಕ ತೆಗೆಸಿ, ಯಾವ ಗಾಲಿಗೆ ಹಾಕಬೇಕೆಂದಿದೆ ನೋಡಲು ಹೇಳಿದಳು. ಹಿಂದಿನವಕ್ಕೆ ಎಂದಿತ್ತು. ಯಜಮಾನರ ಫೋರ್ ವೀಲ್ ಡ್ರೈವ್ ಪುರಾಣವನ್ನು ಕೇಳಿ, "ಅದು ಹತ್ತಿಸುತ್ತದಪ್ಪಾ, ನಿಲ್ಲಿಸುವುದಿಲ್ಲ" ಎಂದಳು. ಮೊದಲ ಗಾಲಿಗೆ ತಾನೇ ಹಾಕಿ ತೋರಿಸಿದಳು. ಚೈನನ್ನು ಟೈರಿನ ಮೇಲೆ ಹೊದಿಸಿ, ಒಳಬದಿಯ ಕೊಂಡಿ ಮೊದಲು, ಹೊರಬದಿಯದು ಆಮೇಲೆ, ಕೊನೆಗೆ ಬಿಗಿ. ಎರಡನೆಯದಕ್ಕೆ ಯಜಮಾನರು ಬಗ್ಗಿದರೆ ಅವರನ್ನು ತಡೆದು ನನ್ನತ್ತ ಬೆರಳು ಮಾಡಿದಳು. "ನೀನು ಹಾಕು. ಇನ್ನು ಮೇಲೆ ಯಾವ ಚೈನು ಅಂತ ನಿನಗೆ ಮರೆಯುವುದಿಲ್ಲ."

ಹಿಮದಲ್ಲಿ ಮಲಗಿ, ಗಾಲಿಯ ಹಿಂದೆ ಕೈ ತೂರಿಸಿ, ಮರಗಟ್ಟಿದ ಬೆರಳಿನಿಂದ ಕೊಂಡಿ ಹುಡುಕಿದೆ. ಎರಡು ಸಲ ಜಾರಿತು, ಮೂರನೆಯ ಸಲ ಸಿಕ್ಕಿತು.

"ನಿಧಾನ ಹೋಗಿ. ನೂರು ಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ಎಲ್ಲರೂ ಮರೆಯುವುದು ಅದನ್ನೇ. ವಾಪಸ್ ಬರುವಾಗ ಕೆಳಗಿನ ಊರಿನ ಪೆಟ್ರೋಲ್ ಬಂಕಿನಲ್ಲಿ ಕೊಟ್ಟುಬಿಡಿ" ಎಂದಳು. ಹೊರಡುವ ಗಡಿಬಿಡಿಯಲ್ಲಿ ಅವಳ ಹೆಸರು ಕೇಳುವುದು ನೆನಪಾಗಲಿಲ್ಲ.

ನೂರು ಮೀಟರ್ ಹೋಗಿ ನಿಲ್ಲಿಸಿದೆವು. ನಾನೇ ಇಳಿದು ಎರಡೂ ಚೈನು ಬಿಗಿ ಮಾಡಿ ಎದ್ದು ನೋಡಿದರೆ, ಅವಳು ಸುರಿವ ಹಿಮದಲ್ಲಿ ಅಲ್ಲೇ ನಿಂತು ನಮ್ಮ ಗಾಡಿಯನ್ನೇ ನೋಡುತ್ತಿದ್ದಳು. ನಾನು ಕೈಯೆತ್ತಿದೆ. ಅವಳೂ ಎತ್ತಿದಳು. ಆಮೇಲೆಯೇ ತನ್ನ ಗಾಡಿ ಹತ್ತಿದಳು.

ಸಂಜೆ ಆಸ್ಪತ್ರೆ ಮುಟ್ಟಿದಾಗ ಶೋಭಾ ನನ್ನ ಕೈ ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಆಪರೇಶನ್ ಕೋಣೆಯ ಒಳಗೂ ಅವಳ ತಲೆಯ ಬಳಿ ನಾನು ಕೂತಿದ್ದೆ. ಹೆಣ್ಣು ಕೂಸು. ಕೊರಳಿಗೆ ಅವ್ವನ ಚೈನು ಮುಟ್ಟಿಸುವಾಗ ಶೋಭಾ, "ಅಕ್ಕಾ, ಉಗುರು ಯಾಕ ಹಂಗ ಕರ್ರಗಾಗ್ಯಾವ?" ಎಂದಳು. ಎಷ್ಟು ತೊಳೆದರೂ ಉಗುರಿನ ಸಂದಿಯ ಮಸಿ ಹೋಗಿರಲಿಲ್ಲ. ಕಥೆ ಹೇಳಿದೆ. "ನಗಸಬ್ಯಾಡ ಅಕ್ಕಾ, ಹೊಲಿಗಿ ಎಳೀತಾವ" ಎನ್ನುತ್ತಲೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಹದಿನೈದು ದಿನದ ನಂತರ, ಘಟ್ಟದ ರಸ್ತೆಯ ಹಿಮ ಕರಗಿದ ಮೇಲೆ ಮರಳಿದೆವು. ಹೊರಡುವ ಮೊದಲು ಚೈನುಗಳನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ನಮ್ಮಲ್ಲಿ ಆಯುಧ ಪೂಜೆಗೆ ಮಾಡುವಂತೆ ಕುಂಕುಮ ಹಚ್ಚಿದೆ. ಶೇಂಗಾ ಉಂಡಿ, ಕೂಸಿನ ಫೋಟೋ ಜೊತೆಗಿಟ್ಟು ಬಂಕಿನಲ್ಲಿ ಕೊಟ್ಟೆವು. ಮುಂದಿನ ಸಲ ಹೋದಾಗ ಬಂಕಿನವಳು, "ಆ ಕೆಂಪು ಗುರುತು ಯಾಕೆ ಅಂತ ಅಜ್ಜಿಗೆ ಗೊತ್ತಾಗಲಿಲ್ಲ, ಆದರೆ ಒರೆಸಿಲ್ಲವಂತೆ" ಎಂದಳು.

ಅಜ್ಜಿ ಮತ್ತೆ ಸಿಗಲಿಲ್ಲ. ಈಗ ನಮ್ಮ ಯೂಟಿನಲ್ಲಿ ಎರಡು ಜೊತೆ ಚೈನು ಇರುತ್ತವೆ, ಒಂದು ನಮಗೆ, ಒಂದು ಬೇರೆಯವರಿಗೆ. ಚಳಿಗಾಲದಲ್ಲಿ ಘಟ್ಟ ಇಳಿದು ಬರುವಾಗ ಆ ಜಾಗದಲ್ಲಿ ಹತ್ತು ನಿಮಿಷ ನಿಲ್ಲುತ್ತೇವೆ. ಗಾಡಿಯ ಹಿಂದೆ ಚೀಲಗಳನ್ನು ಎತ್ತಿಟ್ಟು ಹುಡುಕುತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತೇನೆ. ಇದುವರೆಗೆ ಯಾರೂ ಸಿಕ್ಕಿಲ್ಲ. ಸಿಕ್ಕರೆ ಒಂದು ಗಾಲಿಗೆ ನಾನು ಹಾಕಿಕೊಡುತ್ತೇನೆ, ಇನ್ನೊಂದಕ್ಕೆ ಅವರಿಂದಲೇ ಹಾಕಿಸುತ್ತೇನೆ. ನೂರು ಮೀಟರ್ ಹೋಗಿ ಅವರು ನಿಲ್ಲುವವರೆಗೂ ನಾನು ಅಲ್ಲಿಂದ ಕದಲುವುದಿಲ್ಲ.