ಮಾತಿಗೊಂದು ದೃಷ್ಟಿಬೊಟ್ಟು

ಯಾರಾದರೂ ‘ಹೇಗಿದ್ದೀಯ’ ಎಂದು ಕೇಳಿದರೆ ‘ಚೆನ್ನಾಗಿದ್ದೀನಿ’ ಎಂದು ನೇರವಾಗಿ ಹೇಳಲು ನನಗೆ ಇವತ್ತಿಗೂ ನಾಲಗೆ ಹೊರಳುವುದಿಲ್ಲ. ‘ಏನೋ ಹೀಗಿದ್ದೀನಿ’ ಎನ್ನುತ್ತೇನೆ. ಹೊಟ್ಟೆ ತುಂಬ ಉಂಡು, ಹೊಸ ಸೀರೆ ಉಟ್ಟು, ಹಬ್ಬಕ್ಕೆ ಹೊರಟ ದಿನವೂ ಅಷ್ಟೇ. ಇಂಥ ನನ್ನನ್ನು ಮಕ್ಕಳು ಚೆನ್ನಾಗಿದ್ದಾರೆಯೇ ಎಂದು ಮನೆಮನೆಗೆ ಹೋಗಿ ಕೇಳುವ ಕೆಲಸಕ್ಕೆ ತೆಗೆದುಕೊಂಡರಲ್ಲ, ಆ ಪುಣ್ಯಾತ್ಮರಿಗೆ ಮೊದಲು ನನ್ನದೊಂದು ನಮಸ್ಕಾರ.

ಕೆಲಸ ಕೇಳಲು ಸುಲಭ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಮಕ್ಕಳ ಓದು, ಊಟ, ಆಟ, ಮನಸ್ಸಿನ ನೆಮ್ಮದಿ ಹೇಗಿದೆ ಎಂದು ತಿಳಿಯುವ ಒಂದು ಸಂಶೋಧನೆ. ನಾನು ಪ್ರಶ್ನೆ ಕೇಳಬೇಕು, ಉತ್ತರಕ್ಕೆ ಒಂದರಿಂದ ಐದರವರೆಗೆ ಅಂಕಿ ಹಾಕಬೇಕು. ಐದು ಎಂದರೆ ಬಹಳ ಚೆನ್ನ, ಒಂದು ಎಂದರೆ ಏನೇನೂ ಚೆನ್ನಾಗಿಲ್ಲ. ಇದಕ್ಕೆಲ್ಲ ಮೇಲೆ ‘ಯೋಗಕ್ಷೇಮ’ ಎಂಬ ಘನವಾದ ಶೀರ್ಷಿಕೆ. ಕ್ಷೇಮದ ವಿಷಯದಲ್ಲಿ ನಮ್ಮ ಜನರ ನಡವಳಿಕೆಯೇ ವಿಚಿತ್ರ. ಕಾಗದ ಬರೆಯುತ್ತಿದ್ದ ಕಾಲದಲ್ಲಿ, ಮನೆಮಂದಿಯೆಲ್ಲ ಜ್ವರ ಬಂದು ಮಲಗಿದ್ದರೂ ‘ಇತ್ತ ನಾವೆಲ್ಲ ಕ್ಷೇಮ’ ಎಂದೇ ಶುರು ಮಾಡುತ್ತಿದ್ದರು. ಎದುರಿಗೆ ಬಂದು ಕೇಳಿದರೆ ಮಾತ್ರ, ಎಲ್ಲರೂ ಗುಂಡುಕಲ್ಲಿನಂತೆ ಇದ್ದರೂ ಯಾರೂ ಕ್ಷೇಮವೆಂದು ಒಪ್ಪಿಕೊಳ್ಳುವುದಿಲ್ಲ. ಪ್ರಶ್ನೆ ತಯಾರಿಸಿದವರಿಗೆ ಇದು ಗೊತ್ತಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನಗೂ ಹೊಳೆದಿರಲಿಲ್ಲ ಎನ್ನುವುದು ಬೇರೆ ಮಾತು.

ಮಿಡಿಗೇಶಿಯಲ್ಲಿ ಒಂದು ಮನೆಗೆ ಹೋದಾಗ ಅಜ್ಜಿಯೊಬ್ಬಳು ಮೊಮ್ಮಗನನ್ನು ಕೂರಿಸಿಕೊಂಡು ಊಟಕ್ಕೆ ಬಡಿಸುತ್ತಿದ್ದಳು. ಮಗು ಸರಿಯಾಗಿ ಊಟ ಮಾಡುತ್ತಾನಾ ಎಂದು ಕೇಳಿದೆ. ಎಲ್ಲಿ ಉಣ್ತಾನೆ, ಹಕ್ಕಿ ಕುಕ್ಕಿದಂಗೆ ಕುಕ್ತಾನೆ ಎಂದಳು. ಹಕ್ಕಿ ಆ ಹೊತ್ತಿಗೆ ಎರಡನೆಯ ಮುದ್ದೆ ಮುರಿಯುತ್ತಿತ್ತು. ಓದು? ತಲೆಗೆ ಹತ್ತಾಕಿಲ್ಲ ಎಂದಳು. ತಲೆಗೆ ಹತ್ತದ ಆ ಹುಡುಗ ನನ್ನ ಕೈಯಲ್ಲಿದ್ದ ಪ್ರಶ್ನೆಗಳನ್ನು ತಲೆಕೆಳಗಾಗಿಯೇ ಗಟ್ಟಿಯಾಗಿ ಓದುತ್ತಿದ್ದ. ನಾನು ನಿಯಮದಂತೆ ಅಜ್ಜಿ ಹೇಳಿದ್ದಕ್ಕೆ ಒಂದು, ಒಂದು ಎಂದು ಹಾಕಿಕೊಂಡು ಬಂದೆ.

ನಗು ಬಂದರೂ ಆ ಮಾತು ಒಳಗೆಲ್ಲೋ ಚುಚ್ಚಿತು. ಯಾಕೆಂದರೆ ನಮ್ಮವ್ವ ನನ್ನ ಬಗ್ಗೆ ಹೇಳಿಕೊಂಡು ಬಂದದ್ದೂ ಇದನ್ನೇ. ಪಟ್ಟನಾಯಕನಹಳ್ಳಿ ಹತ್ತಿರದ ನಮ್ಮೂರಿನಲ್ಲಿ ನಾನು ಶಾಲೆಗೇ ಮೊದಲಿಗಳಾಗಿ ಪಾಸಾದಾಗ ಅವ್ವ ಬಂದವರಿಗೆಲ್ಲ ‘ಏನೋ ದಾಟ್ಕಂಡ್ಳು’ ಎಂದಿದ್ದಳು. ಕೆಲಸ ಸಿಕ್ಕಾಗ ‘ಅದೆಂಥ ಕೆಲಸ್ವೋ’ ಎಂದಳು. ಅವ್ವನ ಕಣ್ಣಿಗೆ ನಾನು ಯಾವುದಕ್ಕೂ ಬಾರದವಳು ಎಂಬ ನೋವನ್ನು ನಾನು ಯಾರಿಗೂ ಹೇಳದೆ ಇಷ್ಟು ವರ್ಷ ಇಟ್ಟುಕೊಂಡೇ ಓಡಾಡಿದ್ದೇನೆ. ಒಂದೇ ಒಂದು ಸಲ ಅವಳ ಬಾಯಿಂದ ‘ಭೇಷ್’ ಅನ್ನಿಸಿಕೊಳ್ಳಬೇಕೆಂಬ ಆಸೆ ನನ್ನ ತಲೆ ಅಲ್ಲಲ್ಲಿ ನರೆತರೂ ಹೋಗಿರಲಿಲ್ಲ.

ಕೆಲವು ವಾರಗಳಲ್ಲಿ ನಮ್ಮ ತಂಡದ ಹಿರಿಯರಾದ ಮೇಡಂ ಫೋನ್ ಮಾಡಿದರು. ನಿಮ್ಮ ಕಡೆಯ ಮಕ್ಕಳು ಇಷ್ಟೊಂದು ಕಷ್ಟದಲ್ಲಿದ್ದಾರಾ ಎಂದು ಅವರ ದನಿಯೇ ಒದ್ದೆಯಾಗಿತ್ತು. ಕೆಲವು ಮನೆಗಳಿಗೆ ಇನ್ನೊಮ್ಮೆ ಹೋಗಿ ಬನ್ನಿ ಎಂದರು. ಮತ್ತೆ ಮಿಡಿಗೇಶಿಗೆ ಬಸ್ಸು ಹತ್ತಿದೆ. ಅದೇ ಅಜ್ಜಿ, ಅದೇ ಮೊಮ್ಮಗ. ಈ ಸಲ ಅಂಗಳಕ್ಕೆ ಕಾಲಿಡುತ್ತಲೇ ಬಾಯಿ ತಪ್ಪಿ, ಹುಡುಗ ಎಷ್ಟು ಮುದ್ದಾಗಿದ್ದಾನೆ ಎಂದುಬಿಟ್ಟೆ. ಅಜ್ಜಿ ಥೂ ಥೂ ಎಂದು ಪಕ್ಕಕ್ಕೆ ಉಗಿದು, ಒಲೆಯ ಮಸಿ ತಂದು ಅವನ ಕೆನ್ನೆಗೆ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಗೊತ್ತಿಲ್ಲದವಳಿಗೆ ತಿಳಿಹೇಳುವಂತೆ ಹೇಳಿದಳು:

“ಅಂಗೆಲ್ಲ ಬಾಯ್ಬುಟ್ಟು ಅನ್ಬಾರ್ದು ಕಣವ್ವ. ಕೂಸು ಚೆಂದಾಗಿರ್ಬೇಕಾ ಬ್ಯಾಡ್ವಾ?”

ದೃಷ್ಟಿಬೊಟ್ಟು ನನಗೇನೂ ಹೊಸದಲ್ಲ. ಚಿಕ್ಕಂದಿನಲ್ಲಿ ನನ್ನ ಕೆನ್ನೆಯೂ ಮಸಿ ಕಂಡದ್ದೇ. ಆದರೆ ಬೊಟ್ಟು ಇಡುವುದು ಮುಖಕ್ಕೆ ಮಾತ್ರ ಎಂದುಕೊಂಡಿದ್ದೆ. ಮಾತಿಗೂ ಇಡುತ್ತಾರೆ ಎನ್ನುವುದು ಆ ಅಂಗಳದಲ್ಲಿ ನಿಂತಾಗಲೇ ತಿಳಿದದ್ದು. ಪಾವಗಡದ ಕಡೆಯ ತಾಯಂದಿರು ತೆಲುಗಿನಲ್ಲಿ ‘ಏಮೋ ತಲ್ಲೀ, ಏದೋ ಉನ್ನಾಡು’, ಏನೋ ಇದ್ದಾನೆ ತಾಯಿ, ಎಂದು ರಾಗ ಎಳೆದದ್ದು, ಶಿರಾದಲ್ಲೊಬ್ಬ ತಾಯಿ ನಜರ್ ಆಗುತ್ತದೆ, ದೃಷ್ಟಿ ತಾಗುತ್ತದೆ ಎಂದು ಮಗಳ ಸುದ್ದಿಯನ್ನೇ ಎತ್ತಗೊಡದೆ ಮಾತು ಮರೆಸಿದ್ದು, ಎಲ್ಲ ಒಂದೇ ಮಸಿ. ಮಗು ಎಷ್ಟು ಚೆನ್ನಾಗಿದೆಯೋ ಅಷ್ಟು ದಪ್ಪ ಬೊಟ್ಟು. ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದಾಗ ಅವ್ವನ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ‘ಏನೋ ದಾಟ್ಕಂಡ್ಳು’ ಎಂಬ ಮಾತೂ ನೆನಪಾಯಿತು. ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಪಕ್ಕದಲ್ಲಿ ನಡೆಯುತ್ತಿದ್ದವರು ಧೂಳು ಬಿತ್ತಾ ಎಂದು ವಿಚಾರಿಸಿದರು.

ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ನಕ್ಕು ಸುಮ್ಮನಾಗಲಿಲ್ಲ. ನಗುವ, ಅಳುವ ಮುಖಗಳ ಚಿತ್ರ ಬರೆಸಿ, ದೊಡ್ಡವರನ್ನು ಸ್ವಲ್ಪ ದೂರ ಕೂರಿಸಿ ಮಕ್ಕಳನ್ನೇ ಕೇಳಿ ಎಂದರು. ಹೆಚ್ಚಿನ ಮಕ್ಕಳು ನಗುವ ಮುಖಕ್ಕೆ ಬೆರಳಿಟ್ಟು ಓಡಿಹೋದರು. ಆದರೆ ಸಿದ್ದರಬೆಟ್ಟದ ಕೆಳಗಿನ ಹಳ್ಳಿಯೊಂದರಲ್ಲಿ ಒಬ್ಬ ಹುಡುಗಿ ಅಳುವ ಮುಖದ ಮೇಲೆ ಇಟ್ಟ ಬೆರಳನ್ನು ತೆಗೆಯಲೇ ಇಲ್ಲ. ಅಕ್ಕನಿಗೆ ಮದುವೆಯಾದ ಮೇಲೆ ಅವಳ ಜೊತೆ ಶಾಲೆಗೆ ನಡೆಯುವವರು ಯಾರೂ ಇರಲಿಲ್ಲವಂತೆ. ಅವಳ ತಾಯಿ ಹೇಳಿದ್ದೂ ಎಲ್ಲರಂತೆ ‘ಏನೋ ಅವ್ಳೆ’ ಎಂದೇ. ಮಸಿ ಸುಖವನ್ನು ಮುಚ್ಚಿಡುವ ಹಾಗೆ ದುಃಖವನ್ನೂ ಮುಚ್ಚಿಡುತ್ತದೆ. ತಾಯಿಯನ್ನು ಕರೆದು ಮೂವರೂ ಕೂತು ಮಾತಾಡಿದೆವು. ಪಕ್ಕದ ಬೀದಿಯ ಮಕ್ಕಳ ಜೊತೆ ಅವಳನ್ನು ಕಳಿಸುವುದೆಂದು ತೀರ್ಮಾನವಾಯಿತು. ಮಗುವನ್ನೇ ಕೇಳಬೇಕು ಎಂದು ಹಟ ಹಿಡಿದ ಮೇಡಂಗೆ ನಾನು ಆ ಹುಡುಗಿಯ ಪರವಾಗಿಯೂ ಋಣಿ.

ಆ ವಾರ ಊರಿಗೆ ಹೋದೆ. ಪಕ್ಕದ ಮನೆಯ ರತ್ನಕ್ಕ ಬಂದು ಮಗಳ ಕೆಲಸ ಹೇಗೆ ಎಂದು ವಿಚಾರಿಸಿದಳು. ಏನೋ ಬೀದಿ ಬೀದಿ ಅಲೀತಾಳೆ ಎಂದಳು ಅವ್ವ. ನನಗೆ ಪದಕ ಹಾಕಿದಷ್ಟು ಸಂತೋಷವಾಯಿತು. ರತ್ನಕ್ಕ ಹೋದ ಮೇಲೆ ತಮಾಷೆಗೆ ನಮ್ಮ ಪ್ರಶ್ನೆಯನ್ನೇ ಅವ್ವನಿಗೆ ಹಾಕಿದೆ: ನಿನ್ನ ಮಗಳು ಹೇಗಿದ್ದಾಳೆ, ಒಂದರಿಂದ ಐದರೊಳಗೆ ಎಷ್ಟು ಕೊಡ್ತೀಯ?

“ಸೊನ್ನೆ ಇಲ್ವಾ?” ಎಂದಳು ಅವ್ವ.

ಇಲ್ಲ ಎಂದೆ. ಹಂಗಾದ್ರೆ ಒಂದು ಹಾಕ್ಕೊ ಎಂದು ಎದ್ದು ಒಳಗೆ ಹೋದಳು. ಮುಸ್ಸಂಜೆಯಾಗಿತ್ತು. ಒಣಮೆಣಸಿನಕಾಯಿ, ಉಪ್ಪು ಹಿಡಿದು ಬಂದು, ನನ್ನನ್ನು ಹೊಸಿಲ ಬಳಿ ಕೂರಿಸಿ ನಿವಾಳಿಸಿದಳು. ನಿವಾಳಿಸಿದ್ದನ್ನು ಒಲೆಗೆ ಹಾಕಿದಾಗ ಘಾಟು ಬಂದರೆ ದೃಷ್ಟಿ ತಾಗಿಲ್ಲ. ಘಾಟು ಬರದಿದ್ದರೆ ಬಹಳ ಜನ ಹೊಟ್ಟೆಕಿಚ್ಚುಪಡುವಷ್ಟು ನೀವು ಚೆನ್ನಾಗಿದ್ದೀರಿ ಎಂದು ನಮ್ಮ ಕಡೆಯ ಲೆಕ್ಕ. ಮೆಣಸಿನಕಾಯಿ ಒಲೆಗೆ ಬಿತ್ತು. ನನಗೆ ಸೀನಿನ ಮೇಲೆ ಸೀನು. ಅವ್ವ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಕೆಮ್ಮುತ್ತಿದ್ದಳು, ಕಣ್ಣಿನಲ್ಲಿ ದಳದಳ ನೀರು.

“ಒಂಚೂರೂ ಘಾಟಿಲ್ಲ ನೋಡು,” ಎಂದಳು. “ಏಸು ಜನದ ಕಣ್ಣು ಬಿದ್ದೈತೋ ನನ್ ಮಗಳ ಮ್ಯಾಲೆ.”

“ಹೂಂ ಕಣವ್ವ,” ಎಂದೆ ಕೆಮ್ಮುತ್ತ, “ಘಾಟೇ ಇಲ್ಲ.”